ಪಿಚಿಂಗ್ ಮಾಡುವ ಮಗನಿಗೆ ಫೇಸ್ ಮಾಸ್ಕ್ ಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ಒಬ್ಬ ಅಮ್ಮ, ಡಲ್ಲಾಸ್ ಹತ್ತಿರ

ನನ್ನ ಮಗನಿಗೆ 11 ವರ್ಷ. ಲಿಟಲ್ ಲೀಗ್ ಅನ್ನುವ ಮಕ್ಕಳ ಲೀಗ್‌ನಲ್ಲಿ ಬೇಸ್‌ಬಾಲ್ ಆಡುತ್ತಾನೆ. ಈ ಸೀಸನ್‌ನಿಂದ ಪಿಚಿಂಗ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದು, ಶುರು ಮಾಡಿದ್ದಾನೆ. ಹೋದ ಶನಿವಾರ ಎದುರಿನ ತಂಡದ ಪಿಚರ್ ಹುಡುಗನ ಕೆನ್ನೆಗೆ, ಬ್ಯಾಟಿನಿಂದ ಹೊರಟ ಚೆಂಡು ನೇರವಾಗಿ ಬಡಿಯಿತು. ಮೂಳೆ ಮುರಿದಿಲ್ಲ ಅಂದರು. ಆದರೆ ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಮ್ಮದು ಹಾಸನ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಕ್ರಿಕೆಟ್. "ಬೌಲರ್ ಯಾವತ್ತಾದರೂ ಹೆಲ್ಮೆಟ್ ಹಾಕಿದ್ದು ನೋಡಿದ್ದೀಯಾ?" ಅಂತ ನಮ್ಮ ಯಜಮಾನರು ಕೇಳುತ್ತಾರೆ. ಟೀಮಿನಲ್ಲಿ ಯಾರೂ ಹಾಕಲ್ಲ ಅಂತ ಮಗ ಮುಖ ಊದಿಸಿಕೊಳ್ಳುತ್ತಾನೆ. ಕೋಚ್ ಕೇಳಿದರೆ ನಿಮ್ಮಿಷ್ಟ ಅಂದರು. ಅಂಗಡಿಯಲ್ಲಿ ಮಾಸ್ಕ್ ಇದೆ, ಟೋಪಿಯೊಳಗೆ ಇಡುವ ಪ್ಯಾಡ್ ಇದೆ, ಎದೆಗೆ ಕಟ್ಟುವ ಗಾರ್ಡ್ ಇದೆ. ನಿಜವಾಗಿ ಕೆಲಸಕ್ಕೆ ಬರುವುದು ಯಾವುದು?

ನ್ಯೂಜೆರ್ಸಿಯಿಂದ, ಹೈಸ್ಕೂಲ್ ಪಿಚರ್ ಒಬ್ಬನ ಅಪ್ಪ

ಮೇಡಂ, ಮಾಸ್ಕ್ ಹಾಕಿಸಿ. ನನ್ನ ಮಗ ನಿಮ್ಮ ಮಗನ ವಯಸ್ಸಿನಿಂದ ಹಾಕುತ್ತಿದ್ದಾನೆ, ಈಗಲೂ ಹಾಕುತ್ತಾನೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೊಡ್ಡವರ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ನಿಮ್ಮ ಮಗನ ವಯಸ್ಸಿನವರಿಗೆ 46 ಅಡಿ. ಚೆಂಡು ಬಿಡುವಾಗ ಹುಡುಗ ಮುಂದಕ್ಕೆ ಕಾಲು ಹಾಕುತ್ತಾನೆ ಅಲ್ವಾ, ಅಲ್ಲಿಗೆ ಉಳಿಯುವುದು ಸುಮಾರು 41 ಅಡಿ. ಬಲವಾಗಿರುವ ಹುಡುಗನೊಬ್ಬ ಗಂಟೆಗೆ 70 ಮೈಲಿ ವೇಗದಲ್ಲಿ ವಾಪಸ್ ಹೊಡೆದರೆ ಚೆಂಡು 0.4 ಸೆಕೆಂಡಿನಲ್ಲಿ ಮುಖದ ಮುಂದೆ ಇರುತ್ತದೆ. ದೊಡ್ಡ ವೃತ್ತಿಪರರ ಮೇಜರ್ ಲೀಗ್‌ನಲ್ಲಿ 100 ಮೈಲಿ ವೇಗದ ಲೈನ್ ಡ್ರೈವ್ (ಬ್ಯಾಟಿನಿಂದ ನೆಲಕ್ಕೆ ತಾಗದೆ ನೇರವಾಗಿ ಬರುವ ಚೆಂಡು) ಪಿಚರ್‌ಗೆ ಕೊಡುವ ಸಮಯವೂ ಹೆಚ್ಚು ಕಡಿಮೆ ಇಷ್ಟೇ. ಮಕ್ಕಳ ಆಟ, ಮೆಲ್ಲಗೆ ಬರುತ್ತದೆ ಅಂತ ಹೇಳುವವರು ಈ ಲೆಕ್ಕ ಮಾಡಿರುವುದಿಲ್ಲ.

ಟೋಪಿಯ ಪ್ಯಾಡ್ ಬಗ್ಗೆ ಕೇಳಿದ್ದೀರಿ. 2012ರ ಸೆಪ್ಟೆಂಬರ್‌ನಲ್ಲಿ ಓಕ್ಲೆಂಡ್ ತಂಡದ ಪಿಚರ್ ಬ್ರ್ಯಾಂಡನ್ ಮೆಕಾರ್ಥಿ ತಲೆಗೆ ಚೆಂಡು ಬಡಿದು ಬುರುಡೆ ಬಿರುಕು ಬಿಟ್ಟಿತು. ಮರುವರ್ಷ ಟೊರಾಂಟೊದ ಪಿಚರ್ ಜೆ. ಎ. ಹ್ಯಾಪ್‌ಗೆ ಎಡ ಕಿವಿಯ ಹಿಂದೆ ಪೆಟ್ಟಾಯಿತು. ಇದಾದ ಮೇಲೆ 2014ರ ಜನವರಿಯಲ್ಲಿ ಮೇಜರ್ ಲೀಗ್ ಒಂದು ಪ್ಯಾಡ್ ಇರುವ ಟೋಪಿಗೆ ಒಪ್ಪಿಗೆ ಕೊಟ್ಟಿತು. ಅದು ಮುಂಭಾಗದಲ್ಲಿ 90 ಮೈಲಿ, ಪಕ್ಕದಲ್ಲಿ 85 ಮೈಲಿ ವೇಗದ ಚೆಂಡನ್ನು ತಡೆಯುವ ಲೆಕ್ಕದಲ್ಲಿ ಮಾಡಿದ್ದು. ದಪ್ಪ, ಬಿಸಿ, ನೋಡಲು ವಿಚಿತ್ರ. ಪೆಟ್ಟು ತಿಂದ ಮೆಕಾರ್ಥಿಯೇ ಇದು ಇನ್ನೂ ಪಂದ್ಯಕ್ಕೆ ತಯಾರಾಗಿಲ್ಲ ಅಂದರು. ಸ್ಯಾನ್ ಡಿಯಾಗೊದ ಅಲೆಕ್ಸ್ ಟೊರೆಸ್ ಮಾತ್ರ ಆ ವರ್ಷ ಜೂನ್‌ನಲ್ಲಿ ಧೈರ್ಯವಾಗಿ ಹಾಕಿಕೊಂಡು ಪಿಚರ್ ನಿಲ್ಲುವ ದಿಬ್ಬ (ಮೌಂಡ್) ಹತ್ತಿದರು. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ.

ಆದರೆ ಟೋಪಿ ಮುಖವನ್ನು ಮುಚ್ಚುವುದಿಲ್ಲ. ಅದೇ 2014ರ ಮಾರ್ಚ್‌ನಲ್ಲಿ ಪಿಚರ್ ಅರೋಲ್ಡಿಸ್ ಚಾಪ್‌ಮನ್‌ಗೆ ಚೆಂಡು ಬಡಿದದ್ದು ಎಡಗಣ್ಣಿನ ಮೇಲೆ, ಲೋಹದ ಪಟ್ಟಿ ಕೂರಿಸಬೇಕಾಯಿತು. 1957ರಲ್ಲಿ ಕ್ಲೀವ್‌ಲ್ಯಾಂಡ್‌ನ ಹರ್ಬ್ ಸ್ಕೋರ್‌ಗೆ ಬಡಿದದ್ದೂ ಕಣ್ಣಿಗೇ. ನೀವು ನೋಡಿದ್ದೂ ಕೆನ್ನೆಗೆ. ಅದಕ್ಕೆ ಒಂದೇ ಒಂದು ವಸ್ತು ಕೊಳ್ಳುವುದಾದರೆ ಮಾಸ್ಕ್. ಟೋಪಿಯೊಳಗಿನ ಪ್ಯಾಡ್ ಆಮೇಲೆ ನೋಡಬಹುದು.

ಇನ್ನೊಂದು ವಿಷಯ, ಬ್ಯಾಟ್. ಲಿಟಲ್ ಲೀಗ್‌ನಲ್ಲಿ 2018ರಿಂದ ಯುಎಸ್ಎ ಗುರುತಿನ ಬ್ಯಾಟ್ ಕಡ್ಡಾಯ, ಅದರಿಂದ ಚೆಂಡು ಚಿಮ್ಮುವುದು ಸ್ವಲ್ಪ ಕಡಿಮೆ. ಊರೂರು ಸುತ್ತಿ ಟೂರ್ನಿ ಆಡುವ ಟ್ರಾವೆಲ್ ಬಾಲ್ ತಂಡಕ್ಕೆ ಸೇರಿಸಿದರೆ ಎಷ್ಟೋ ಕಡೆ ಯುಎಸ್ಎಸ್ಎಸ್ಎ ಅನ್ನುವ ಬೇರೆ ಗುರುತಿನ ಬ್ಯಾಟ್ ನಡೆಯುತ್ತದೆ. ಅದರಿಂದ ಹೊರಡುವ ಚೆಂಡಿನ ಜೋರೇ ಬೇರೆ. ಸೇರಿಸುವ ಮುಂಚೆ ಯಾವ ಬ್ಯಾಟ್ ಅಂತ ಕೇಳಿ.

ಸ್ಯಾನ್ ಹೋಸೆಯಿಂದ, ಸಾಫ್ಟ್‌ಬಾಲ್ ಆಡುವ ಹುಡುಗಿಯ ಅಮ್ಮ

ನಮ್ಮ ಹುಡುಗಿಯರ ಕಡೆ ಈ ಚರ್ಚೆಯೇ ಇಲ್ಲ. 12 ವರ್ಷದೊಳಗಿನವರಿಗೆ ಪಿಚಿಂಗ್ ದೂರ 40 ಅಡಿ. ನಮ್ಮ ಲೀಗಿನಲ್ಲಿ ಪಿಚರ್ ಮಾಸ್ಕ್ ಇಲ್ಲದೆ ನಿಂತರೆ ಜನ ತಿರುಗಿ ನೋಡುತ್ತಾರೆ. ಅದೇ ಅಂಗಡಿಯಲ್ಲಿ ಸಿಗುವ ಅದೇ ಫೀಲ್ಡರ್ ಮಾಸ್ಕ್ ನಿಮ್ಮ ಮಗನಿಗೂ ಆಗುತ್ತದೆ. ಅದರ ಮೇಲೆ ಹುಡುಗಿ ಅಂತ ಬರೆದಿಲ್ಲ!

ಕೊಳ್ಳುವಾಗ ಹುಡುಗನನ್ನು ಕರೆದುಕೊಂಡು ಹೋಗಿ. ಟೋಪಿ ಹಾಕಿಸಿಯೇ ಮಾಸ್ಕ್ ನೋಡಿ, ಟೋಪಿಯ ಅಂಚು ತಾಗಿದರೆ ಮಾಸ್ಕ್ ಕೆಳಗೆ ಜಾರುತ್ತದೆ. ತಲೆ ಜೋರಾಗಿ ಅಲ್ಲಾಡಿಸಲು ಹೇಳಿ. ಗಲ್ಲದ ಪ್ಯಾಡ್ ಸಡಿಲ ಇದ್ದರೆ ಪೆಟ್ಟು ಬಿದ್ದಾಗ ಸರಳು ಮೂಗಿಗೇ ಒತ್ತುತ್ತದೆ. ಕಣ್ಣಿನ ಮುಂದೆ ಸರಳು ಅಡ್ಡ ಬರಬಾರದು. ಮೊದಲು ಮನೆ ಹಿತ್ತಿಲಲ್ಲಿ ಹಾಕಿಕೊಂಡು ಎಸೆಯಲಿ. ಶುರುವಿನಲ್ಲಿ ಕಿರಿಕಿರಿ ಅನ್ನುತ್ತಾರೆ, ಆಮೇಲೆ ಹಾಕಿದ್ದೇ ಮರೆಯುತ್ತಾರೆ. ಬೆವರಿನ ಪ್ಯಾಡ್ ತೆಗೆದು ತೊಳೆಯಿರಿ, ಟೆಕ್ಸಾಸ್ ಬಿಸಿಲಿಗೆ ವಾಸನೆ ತಡೆಯಲಾಗದು.

ಓಹಾಯೋದಿಂದ, ಎಮರ್ಜೆನ್ಸಿ ವಿಭಾಗದ ನರ್ಸ್

ಮುಖದ ಬಗ್ಗೆ ಎಲ್ಲರೂ ಹೇಳಿದರು. ನಾನು ಎದೆಯ ಬಗ್ಗೆ ಹೇಳುತ್ತೇನೆ, ದಯವಿಟ್ಟು ಗಮನ ಕೊಡಿ.

ಚೆಂಡು ಸರಿಯಾಗಿ ಹೃದಯದ ಮೇಲೆ, ಬಡಿತದ ನಡುವಿನ ಒಂದು ಸೂಕ್ಷ್ಮ ಕ್ಷಣದಲ್ಲಿ ತಾಗಿದರೆ ಹೃದಯದ ಲಯ ತಪ್ಪಿ ಹೋಗುತ್ತದೆ. ಪಕ್ಕೆಲುಬು ಮುರಿದಿರುವುದಿಲ್ಲ, ಗಾಯ ಕಾಣುವುದಿಲ್ಲ, ಹುಡುಗ ಕುಸಿದು ಬೀಳುತ್ತಾನೆ. ಮಕ್ಕಳ ಎದೆಗೂಡು ಮೆದು, ಅದಕ್ಕೆ ಅವರಲ್ಲೇ ಇದು ಜಾಸ್ತಿ. ಬಹಳ ಅಪರೂಪ, ನಿಜ. ಆದರೆ 2006ರಲ್ಲಿ ನ್ಯೂಜೆರ್ಸಿಯಲ್ಲಿ ಪಿಚಿಂಗ್ ಮಾಡುತ್ತಿದ್ದ 12 ವರ್ಷದ ಹುಡುಗನಿಗೆ ಹೀಗಾಗಿ ಹೃದಯ ನಿಂತಿತು. ಜೀವ ಉಳಿಯಿತು, ಆಮ್ಲಜನಕ ಸಿಗದೆ ಮೆದುಳಿಗೆ ಹಾನಿಯಾಯಿತು.

ಎದೆಯ ಗಾರ್ಡ್ ಅಂತ ಸುಮ್ನೆ ಯಾವುದೋ ಫೋಮ್ ತುಂಡು ತರಬೇಡಿ. ಆಟದ ರಕ್ಷಣಾ ಸಾಮಾನುಗಳಿಗೆ ಸುರಕ್ಷತಾ ಮಾನದಂಡ ಮಾಡುವ ನಾಕ್ಸಿ (NOCSAE) ಸಂಸ್ಥೆಯ ಎನ್‌ಡಿ200 ಎಂಬ ಮಾನದಂಡ ಈ ತೊಂದರೆಗೆಂದೇ ಇದೆ. ಹೈಸ್ಕೂಲ್‌ನಲ್ಲಿ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ಗಳ ಎದೆಯ ಗಾರ್ಡ್‌ಗೆ 2020ರಿಂದ ಅದು ಕಡ್ಡಾಯ. ಒಳಗೆ ಹಾಕುವ ಶರ್ಟ್ ರೂಪದಲ್ಲೂ ಸಿಗುತ್ತದೆ. ಲೇಬಲ್ ನೋಡಿಯೇ ಕೊಳ್ಳಿ. ಅದಿದ್ದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಮೈದಾನದಲ್ಲಿ ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲಿದೆ, ಅದರ ಕೋಣೆಗೆ ಬೀಗ ಹಾಕಿರುತ್ತಾರಾ ಅಂತ ಲೀಗಿನವರನ್ನು ಈ ವಾರವೇ ಕೇಳಿ. ಕುಸಿದ ಮಗುವಿಗೆ ಕೂಡಲೇ ಎದೆ ಒತ್ತುತ್ತಾ, ಕೆಲವೇ ನಿಮಿಷದಲ್ಲಿ ಶಾಕ್ ಕೊಟ್ಟರೆ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಹೀಗೆ ಎದೆ ಒತ್ತುವ ಸಿಪಿಆರ್ ತರಬೇತಿಗೆ ಅರ್ಧ ದಿನ ಸಾಕು, ನೀವಿಬ್ಬರೂ ಹೋಗಿ.

ತಲೆಗೆ ಪೆಟ್ಟು ಬಿದ್ದ ಮೇಲೆ "ನಾನು ಚೆನ್ನಾಗಿದ್ದೇನೆ" ಅಂದರೆ ನಂಬಿ ಬಿಡಬೇಡಿ. ಮೆಕಾರ್ಥಿ ಅವತ್ತು ತಾವೇ ನಡೆದುಕೊಂಡು ಮೈದಾನದಿಂದ ಹೊರಗೆ ಹೋದರು. ಅದೇ ದಿನ ರಾತ್ರಿ ತಲೆಬುರುಡೆಯೊಳಗಿನ ರಕ್ತಸ್ರಾವಕ್ಕೆ ಆಪರೇಷನ್ ಆಯಿತು. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಮಾತು ತೊದಲುವುದು, ಎಬ್ಬಿಸಲಾಗದಂಥ ಮಂಪರು, ಇದರಲ್ಲಿ ಯಾವುದು ಕಂಡರೂ ತುರ್ತು ನಂಬರ್ 911ಕ್ಕೆ ಕರೆ ಮಾಡಿ.

ನಾರ್ತ್ ಕ್ಯಾರೊಲೈನಾದಿಂದ, ಮಕ್ಕಳ ತಂಡದ ಸ್ವಯಂಸೇವಕ ಕೋಚ್

ಚೆಂಡು ಬಿಟ್ಟ ಮೇಲೆ ಹುಡುಗ ಎಲ್ಲಿ ನಿಲ್ಲುತ್ತಾನೆ ನೋಡಿ. ಬಲಗೈ ಹುಡುಗರು ಎಡಕ್ಕೆ ವಾಲಿ, ಗ್ಲವ್ ಸೊಂಟದ ಹಿಂದೆ ಬಿಟ್ಟಿರುತ್ತಾರೆ. ಎದುರಿಗೆ ಮುಖ ಮಾಡಿ, ಗ್ಲವ್ ಎದೆಯ ಮುಂದೆ ಬರಬೇಕು. ಟೆನಿಸ್ ಬಾಲ್ ತಗೊಂಡು, ಅವನು ಸುಮ್ಮನೆ ಎಸೆಯುವಂತೆ ಮಾಡಿದ ತಕ್ಷಣ ಹತ್ತಿರದಿಂದ ವಾಪಸ್ ಹೊಡೆಯಿರಿ. ಇದನ್ನು ಅಪ್ಪನೇ ಹೇಳಿಕೊಡಬಹುದು. ಬ್ಯಾಟಿಂಗ್ ಅಭ್ಯಾಸದಲ್ಲಿ ಪಿಚರ್ ಮುಂದೆ ಇಡುವ ರಕ್ಷಣಾ ಬಲೆ (ಎಲ್ ಸ್ಕ್ರೀನ್) ಇಲ್ಲದೆ ಮಗನಿಂದ ಎಸೆಸಬೇಡಿ. ಈ ವಯಸ್ಸಿಗೆ ಲಿಟಲ್ ಲೀಗ್‌ನಲ್ಲಿ ದಿನದ ಮಿತಿ 85 ಎಸೆತ, ಆದರೆ ದಣಿದಿದ್ದರೆ ಅದಕ್ಕೂ ಮೊದಲೇ ಇಳಿಸಿ. ಕೈ ಎಷ್ಟು ಸೋತಿರುತ್ತದೋ ಕಣ್ಣೂ ಅಷ್ಟೇ ಸೋತಿರುತ್ತದೆ.

ಬೆಂಗಳೂರಿನಿಂದ, ಕ್ಲಬ್ ಕ್ರಿಕೆಟ್ ಆಡಿದವರು

ನಿಮ್ಮ ಯಜಮಾನರಿಗೆ ಹೇಳಿ, ಬೌಲರ್ ಹೆಲ್ಮೆಟ್ ಹಾಕಿದ್ದುಂಟು. ನ್ಯೂಜಿಲೆಂಡಿನ ಒಟಾಗೊ ತಂಡದ ವಾರೆನ್ ಬಾರ್ನ್ಸ್ 2017ರ ಡಿಸೆಂಬರ್‌ನಲ್ಲಿ ಟಿ20 ಪಂದ್ಯದಲ್ಲಿ ಮುಖ ಮುಚ್ಚುವ ಮಾಸ್ಕ್ ಹಾಕಿ ಬೌಲ್ ಮಾಡಿದರು. ಚೆಂಡು ಬಿಟ್ಟ ಮೇಲೆ ಅವರ ತಲೆ ಕೆಳಗೆ ಹೋಗುತ್ತಿತ್ತು, ಅದಕ್ಕೆ. ಅಂಪೈರ್‌ಗಳದ್ದೂ ಇದೇ ಕಥೆ. 2015ರಲ್ಲಿ ದಿಂಡಿಗಲ್‌ನ ರಣಜಿ ಪಂದ್ಯದಲ್ಲಿ ಆಸ್ಟ್ರೇಲಿಯಾದ ಜಾನ್ ವಾರ್ಡ್ ತಲೆಗೆ ಚೆಂಡು ಬಡಿಯಿತು. ಮರುತಿಂಗಳು ಕ್ಯಾನ್‌ಬೆರಾದಲ್ಲಿ ಭಾರತದ ಪಂದ್ಯಕ್ಕೆ ಅವರು ಹೆಲ್ಮೆಟ್ ಹಾಕಿಯೇ ನಿಂತರು. ರಮಣ್ ಲಾಂಬಾ 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತು, ತಲೆಗೆ ಚೆಂಡು ಬಡಿದು ತೀರಿಕೊಂಡದ್ದು ನಮ್ಮ ವಯಸ್ಸಿನ ಯಾರಿಗೂ ಮರೆತಿರಲಿಕ್ಕಿಲ್ಲ.

ಕೇಳಿದ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಯಜಮಾನರು ಇದೆಲ್ಲ ಓದಿ, ಭಾನುವಾರ ಅಂಗಡಿಗೆ ಹೋಗೋಣ ಅಂದರು. ಕೊನೆಯದಾಗಿ ಒಂದು: ಮುಂದೆ ಹೈಸ್ಕೂಲಿನಲ್ಲಿ ಪಿಚರ್ ಮಾಸ್ಕ್ ಹಾಕಲು ಬಿಡುತ್ತಾರಾ?

ನ್ಯೂಜೆರ್ಸಿ ಅಪ್ಪ

ಬಿಡುತ್ತಾರೆ. ಹೊರಮೈ ಹೊಳೆಯಬಾರದು ಅನ್ನುವುದು ನಿಯಮ, ಬ್ಯಾಟರ್ ಕಣ್ಣಿಗೆ ಬೆಳಕು ಹೊಡೆಯಬಾರದಲ್ಲ. ಈಗಲೇ ಹೊಳಪಿಲ್ಲದ ಕಪ್ಪು ಬಣ್ಣದ್ದು ತಗೊಳ್ಳಿ. ಮಕ್ಕಳ ತಲೆ ಬೆಳೆಯುತ್ತಿರುತ್ತದೆ, ಪ್ರತಿ ಸೀಸನ್ ಶುರುವಿನಲ್ಲಿ ಅಳತೆ ನೋಡಿ. ಜೋರಾಗಿ ಪೆಟ್ಟು ತಿಂದ ಮಾಸ್ಕ್ ಬಗ್ಗಿದ್ದರೆ ನೆಟ್ಟಗೆ ಮಾಡಿ ಬಳಸಬೇಡಿ, ಹೊಸದು ತನ್ನಿ.