ಕನ್ನಡ ಪದ ಬೇಕು, ಸಂಜೆಯೊಳಗೆ: ‘ವಿಷುಯಲ್ ಲಿಟರಸಿ’, ‘ಇನ್ಫರ್ಮೇಶನ್ ಲಿಟರಸಿ’

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರ ಗ್ರಂಥಪಾಲಕಿ. ಮೀಮ್ (ಚಿತ್ರದ ಮೇಲೆ ತಮಾಷೆಯ ಮಾತು ಬರೆದು ಹಂಚುವುದು) ಇಟ್ಟುಕೊಂಡು ಮೊದಲ ವರ್ಷದ ಮಕ್ಕಳಿಗೆ ಈ ಎರಡನ್ನೂ, ಅಂದರೆ ಚಿತ್ರವನ್ನು ಪ್ರಶ್ನಿಸಿ ನೋಡುವುದನ್ನೂ ಮಾಹಿತಿಯನ್ನು ಪರೀಕ್ಷಿಸಿ ನಂಬುವುದನ್ನೂ, ಕಲಿಸುತ್ತಿದ್ದೇವೆ. ಬ್ಯಾನರ್ ಸಂಜೆ ಪ್ರಿಂಟಿಗೆ ಹೋಗಬೇಕು. ‘ದೃಶ್ಯ ಸಾಕ್ಷರತೆ’ ಅಂತ ಬರೆದರೆ ಒಬ್ಬರೂ ನಿಂತು ಓದುವುದಿಲ್ಲ.

ಪಾಠ ಹೀಗಿರುತ್ತದೆ. ಗೆಳತಿಯ ಜೊತೆ ಹೋಗುತ್ತಾ ಇನ್ನೊಬ್ಬಳತ್ತ ತಿರುಗಿ ನೋಡುವ ಹುಡುಗನ ಮೀಮ್ ನೋಡಿರುತ್ತೀರಿ. ಸ್ಪೇನಿನ ಆಂಟೋನಿಯೋ ಗಿಲೆಮ್ 2015ರಲ್ಲಿ ಮಾಡೆಲ್‌ಗಳನ್ನು ನಿಲ್ಲಿಸಿ, ಮಾರುವುದಕ್ಕೆಂದೇ ತೆಗೆದ ಫೋಟೋ ಅದು. ಮೀಮ್ ಆಗಿ ಹಬ್ಬಿದ್ದು 2017ರಲ್ಲಿ. ಮರುವರ್ಷ ಸ್ವೀಡನ್ನಿನ ಇಂಟರ್ನೆಟ್ ಕಂಪನಿಯೊಂದು ಅದನ್ನೇ ಕೆಲಸದ ಜಾಹೀರಾತಿಗೆ ಬಳಸಿತು. ಇದು ಹೆಣ್ಣನ್ನು ವಸ್ತುವಿನ ಹಾಗೆ ತೋರಿಸುತ್ತದೆ ಅಂತ ಅಲ್ಲಿನ ಜಾಹೀರಾತು ಕಾವಲು ಸಂಸ್ಥೆ ಹೇಳಿತು. ಫೋಟೋ ಯಾರು ತೆಗೆದರು, ಯಾಕೆ ತೆಗೆದರು, ಅದರ ಮೇಲೆ ಬರೆದ ಮಾತು ಯಾರದು ಅಂತ ಮಕ್ಕಳು ಕೇಳಬೇಕು. ಹಳೇ ಪ್ರವಾಹದ ಫೋಟೋ ಹೊಸ ತಾರೀಖು ಹೊತ್ತು ವಾಟ್ಸಾಪಿಗೆ ಬಂದಾಗ ಬೇಕಾಗುವುದೂ ಇದೇ ಅಲ್ವಾ?

ಮೈಸೂರಿನಿಂದ:
‘ದೃಶ್ಯ ಸಾಕ್ಷರತೆ’ ಪದವೇ ಅಲ್ಲ. ಫೋಟೋದಲ್ಲಿ ಅಕ್ಷರ ಎಲ್ಲಿದೆ? ‘ನೋಟದರಿವು’, ‘ಸುದ್ದಿಯರಿವು’ ಅನ್ನಿ. ‘ಮೀಮ್’ ಕೂಡ ಬೇಡ. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1976ರಲ್ಲಿ ಗ್ರೀಕಿನ ಮೂಲವನ್ನು ‘ಜೀನ್’ಗೆ (ವಂಶವಾಹಿಗೆ ಇಂಗ್ಲಿಷಿನ ಪದ) ಪ್ರಾಸ ಆಗಲಿ ಅಂತ ಮೊಟಕು ಮಾಡಿದ್ದು ಅದು. ಮೂಲದ ಅರ್ಥ ಅನುಕರಿಸಿದ್ದು. ನಮ್ಮಲ್ಲಿ ‘ಅಣಕ’ ಇಲ್ವಾ?

ಶಿವಮೊಗ್ಗದಿಂದ:
ಅಣಕ ಆಗುವುದಿಲ್ಲ. ಅಣಕಕ್ಕೆ ಯಾರಾದರೂ ಗುರಿಯಾಗಬೇಕು. ಪರೀಕ್ಷೆಯ ಹಿಂದಿನ ರಾತ್ರಿಯ ಮೀಮ್‌ನಲ್ಲಿ ಯಾರನ್ನು ಅಣಕಿಸುತ್ತಾರೆ? ಅಕ್ಷರದ ವಾದವೂ ನಿಲ್ಲುವುದಿಲ್ಲ. ‘ಆರ್ಥಿಕ ಸಾಕ್ಷರತೆ’ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಬಸ್ಸು, ಕಾರು ಆದ ಹಾಗೆ ‘ಮೀಮು’ ಅನ್ನಿ. ಮೀಮನ್ನು, ಮೀಮಿಗೆ, ಮೀಮಿನಲ್ಲಿ, ಎಲ್ಲ ವಿಭಕ್ತಿಯೂ ಸಲೀಸು. ‘ಮೀಮ್ಸ್‌ಗಳು’ ಮಾತ್ರ ದಯವಿಟ್ಟು ಬೇಡ.

ಮೈಸೂರಿನಿಂದ:
ಬಸ್ಸು ಬಂದಾಗ ನಮ್ಮಲ್ಲಿ ಬಸ್ಸಿರಲಿಲ್ಲ. ಅಣಕ ಮೊದಲಿನಿಂದಲೂ ಇತ್ತು. ಮನೆಯ ಮಾತನ್ನು ಅಟ್ಟಕ್ಕೆ ಎಸೆದು ಹೊರಗಿನದನ್ನು ತರುವುದಕ್ಕೆ ಎರವಲು ಅನ್ನುವುದಿಲ್ಲ. ಸೋಮಾರಿತನ ಅನ್ನುತ್ತಾರೆ.

ಧಾರವಾಡದಿಂದ:
ನಮ್ಮ ಕಡೆ ಕೀಲಿಕೈ ಇದ್ದಾಗಲೇ ಪೋರ್ಚುಗೀಸರ ಚಾವಿಯೂ ಬಂತು. ಎರಡೂ ಉಳಿದವು. ಈ ಜಗಳ ಆಮೇಲೆ ಆಡೋಣ, ಸಂಜೆಗೆ ಬ್ಯಾನರ್ ಇದೆ.

ಮೇಡಂ, ನಾಮಪದದ ಹಿಂದೆ ಯಾಕೆ ಬಿದ್ದಿದ್ದೀರಿ? ನಿಮಗೆ ಬೇಕಾಗಿರುವುದು ಕ್ರಿಯೆ. ಬಂಗಾರ ಖರೆಯೋ ಖೋಟಾನೋ ಅಂತ ನೋಡುವುದಕ್ಕೆ ಅಕ್ಕಸಾಲಿಗ ಒರೆಗಲ್ಲಿಗೆ ಹಚ್ಚುತ್ತಾನೆ. ಮಾತನ್ನೂ ‘ಒರೆಗೆ ಹಚ್ಚು’ ಅಂತ ಕನ್ನಡ ಹೇಳುತ್ತಲೇ ಬಂದಿದೆ. ಚಿತ್ರಕ್ಕೂ ಅದೇ ಸಾಕು.

ಪ್ರಶ್ನೆ ಕೇಳಿದವರಿಂದ:
ಇದೇ ಬೇಕಿತ್ತು. ‘ನೋಟದರಿವು’ ಕೇಳಲು ಚೆನ್ನಾಗಿದೆ. ಆದರೆ ಅರಿವು ಅಂದರೆ ಆಗಲೇ ತಿಳಿದಿರುವುದು. ನಮ್ಮ ಮಕ್ಕಳು ಅನುಮಾನದಿಂದ ಶುರು ಮಾಡಬೇಕು. ಬ್ಯಾನರಿಗೆ ಕಳಿಸಿದ್ದು: ‘ಮೀಮು ಒರೆಗೆ ಹಚ್ಚೋಣ ಬನ್ನಿ’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಚಿತ್ರ ಯಾರದು? ಮಾತು ಯಾರದು?’ ಕಾಲೇಜಿನ ವರದಿಯಲ್ಲಿ ‘ದೃಶ್ಯ ಸಾಕ್ಷರತೆ’, ‘ಮಾಹಿತಿ ಸಾಕ್ಷರತೆ’ ಅಂತಲೇ ಇರುತ್ತದೆ. ಅಲ್ಲಿ ರೂಢಿಯ ಪದ ಇದ್ದರೇ ಹುಡುಕುವವರಿಗೆ ಸಿಗುತ್ತದೆ.

ಮೈಸೂರಿನಿಂದ:
‘ಒರೆ’ ಒಪ್ಪಿದೆ. ‘ಮೀಮು’ ಒಪ್ಪಿಲ್ಲ.