ರೋರ್ ಮಠದ ಚರ್ಚ್: ಫೋಟೋ ತೆಗೆಯೋಕೆ ಹೋಗಬಹುದಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಕೆಲವು ದಿನ ಇರುತ್ತೇನೆ. ಡ್ಯಾನ್ಯೂಬ್ ದಂಡೆಯ ವೆಲ್ಟೆನ್‌ಬರ್ಗ್ ಮಠದ ಫೋಟೋಗಳನ್ನು ಬೇಕಾದಷ್ಟು ನೋಡಿದ್ದೇನೆ, ಅಲ್ಲಿ ಜನವೂ ಜಾಸ್ತಿ. ಅದಕ್ಕೆ ಹತ್ತಿರದಲ್ಲೇ ರೋರ್ ಅನ್ನುವ ಸಣ್ಣ ಊರಿನಲ್ಲಿ ಇನ್ನೊಂದು ಬರೋಕ್ (17-18ನೇ ಶತಮಾನದ ಅದ್ದೂರಿ ಅಲಂಕಾರದ ಶೈಲಿ) ಚರ್ಚ್ ಮತ್ತು ಮಠ ಇದೆಯಂತೆ. ಯಾರಾದರೂ ಹೋಗಿದ್ದೀರಾ? ನನ್ನ ಹತ್ತಿರ ಕಾರಿಲ್ಲ. ಕ್ಯಾಮೆರಾ, 24-70 ಎಂಎಂ ಜೂಮ್ ಲೆನ್ಸ್, ಟ್ರೈಪಾಡ್ ಇವೆ. ಒಳಗೆ ಫೋಟೋ ತೆಗೆಯೋಕೆ ಬಿಡ್ತಾರಾ?

ಉತ್ತರ 1:
ಖಂಡಿತ ಹೋಗಿ. ಆ ಚರ್ಚಿನ ಮುಖ್ಯ ಪೂಜಾವೇದಿಕೆ (ಆಲ್ಟರ್) ಒಂದಕ್ಕೇ ಅಷ್ಟು ದೂರ ಹೋಗಬಹುದು. ಮಾಡಿದವನು ಬರೋಕ್ ಕಾಲದ ಶಿಲ್ಪಿ, ವಾಸ್ತುಶಿಲ್ಪಿ ಎಗಿಡ್ ಕ್ವಿರಿನ್ ಆಸಾಮ್. 1717ರಲ್ಲಿ ಚರ್ಚಿನ ಕೆಲಸ ಶುರುವಾದಾಗ ಅವನಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. ಮೇರಿ ಮಾತೆ ಸ್ವರ್ಗಕ್ಕೆ ಏರುವ ದೃಶ್ಯ ಅದು. ಕೆಳಗೆ ತೆರೆದ ಖಾಲಿ ಶವಪೆಟ್ಟಿಗೆ, ಸುತ್ತಲೂ ಆಳೆತ್ತರದ ಯೇಸುವಿನ ಶಿಷ್ಯರು, ಕೆಲವರು ಬೆರಗಾಗಿ ಕೈ ಚಾಚಿದ್ದಾರೆ, ಕೆಲವರು ತಲೆಯೆತ್ತಿ ನೋಡುತ್ತಿದ್ದಾರೆ, ಅವರೆಲ್ಲರ ಮೇಲೆ ದೇವದೂತರ ಜೊತೆ ಮೇರಿ ಗಾಳಿಯಲ್ಲೇ ತೇಲುತ್ತಿದ್ದಾಳೆ. ಎಲ್ಲವೂ ಗಾರೆಯ ಕೆಲಸ. ಅಷ್ಟು ಭಾರದ ಮೂರ್ತಿಗೆ ಆಧಾರ ಎಲ್ಲಿದೆ ಅಂತ ಕೆಳಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಹಿಂದೆ ನಾಟಕದ ಪರದೆಯಂಥ ದೊಡ್ಡ ಪರದೆ ಇದೆ.

ನಾನು ಹೇಳಬೇಕಾದ್ದು ಒಂದೇ: ಹತ್ತಿರ ಹೋಗಿ ಮೇರಿಯನ್ನು ಮಾತ್ರ ತೆಗೆಯಬೇಡಿ. ಶಿಷ್ಯರಿಗೂ ಅವಳಿಗೂ ನಡುವೆ ಖಾಲಿ ಜಾಗ ಇದೆಯಲ್ಲ, ಅವಳು ಮೇಲೇರುತ್ತಿದ್ದಾಳೆ ಅಂತ ನಮಗೆ ಅನಿಸುವುದು ಅದರಿಂದಲೇ. ಅದು ಫ್ರೇಮಿನಿಂದ ಹೊರಗೆ ಹೋದರೆ ಸುಮ್ನೆ ಒಂದು ಸುಂದರ ಮೂರ್ತಿಯ ಫೋಟೋ ಉಳಿಯುತ್ತದೆ ಅಷ್ಟೇ. ಬೆಂಚುಗಳ ಸಾಲಿನಲ್ಲಿ ಹಿಂದೆ ನಿಂತು, ಕ್ಯಾಮೆರಾ ಮೇಲಕ್ಕೆ ವಾಲಿಸದೆ ನೇರ ಹಿಡಿದು, ನಿಮ್ಮ ಲೆನ್ಸನ್ನು 70ರ ಕಡೆಗೆ ಇಟ್ಟು ತೆಗೆಯಿರಿ.

ಉತ್ತರ 2:
ಟ್ರೈಪಾಡ್ ಬಿಟ್ಟು ಹೋಗಿ. ಅದು ಮ್ಯೂಸಿಯಂ ಅಲ್ಲ, ಜನ ದಿನವೂ ಪ್ರಾರ್ಥನೆ ಮಾಡುವ ಜಾಗ. ಬೆಂಚಿನ ಬೆನ್ನಿಗೆ ಕೈ ಊರಿದರೆ ಸಾಕು, ಐಎಸ್‌ಒ (ಕ್ಯಾಮೆರಾ ಬೆಳಕನ್ನು ಗ್ರಹಿಸುವ ಮಟ್ಟ) 1600ಕ್ಕೆ ಏರಿಸಲು ಹೆದರಬೇಡಿ. ಫ್ಲ್ಯಾಶ್ ಬೇಡವೇ ಬೇಡ, ಗಾರೆಯ ಮಡಿಕೆಗಳ ನೆರಳೆಲ್ಲ ಸತ್ತುಹೋಗುತ್ತದೆ. ಬಿಳಿ ಗೋಡೆ ಜಾಸ್ತಿ ಇರುವುದರಿಂದ ಕ್ಯಾಮೆರಾ ತಾನಾಗಿ ಬೆಳಕು ಕಡಿಮೆ ಮಾಡಿ ಎಲ್ಲವನ್ನೂ ಬೂದು ಮಾಡುತ್ತದೆ, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಸ್ವಲ್ಪ ಪ್ಲಸ್ ಕಡೆಗೆ ತಿರುಗಿಸಿ. ಕಿಟಕಿ ಫ್ರೇಮಿನಲ್ಲಿ ಬಂದರೆ ಮಾತ್ರ ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಮೂರು ತೆಗೆದುಕೊಳ್ಳಿ.

ಅನುಮತಿ ವಿಷಯ: ಬಾಗಿಲ ಹತ್ತಿರ ಏನು ಬರೆದಿದೆ ನೋಡಿ, ಸಂದೇಹವಿದ್ದರೆ ಕೇಳಿ. ಪೂಜೆ ನಡೆಯುವಾಗ ಕ್ಯಾಮೆರಾ ಚೀಲದಲ್ಲೇ ಇರಲಿ. ಫೋಟೋ ಮಾರುವ ಯೋಚನೆ ಇದ್ದರೆ ಮೊದಲೇ ಮಠಕ್ಕೆ ಬರೆದು ಒಪ್ಪಿಗೆ ಪಡೆಯಿರಿ.

ಉತ್ತರ 3:
ಮಠದ ಕಥೆಯನ್ನೂ ತಿಳಿದುಕೊಂಡು ಹೋಗಿ. 1133ರಲ್ಲಿ ಅಗಸ್ಟೀನಿಯನ್ ಎಂಬ ಕ್ಯಾಥೊಲಿಕ್ ಪಂಥದವರ ಮಠವಾಗಿ ಶುರುವಾಯಿತು, 1803ರಲ್ಲಿ ಸರ್ಕಾರ ಮುಚ್ಚಿಸಿತು. ಈಗಿರುವವರು ಬೆನೆಡಿಕ್ಟೀನರು, ಇನ್ನೊಂದು ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು. ಎರಡನೇ ಮಹಾಯುದ್ಧದ ನಂತರ ಬೊಹೀಮಿಯಾದ ಬ್ರೌನಾವ್, ಅಂದರೆ ಇಂದಿನ ಚೆಕ್ ದೇಶದ ಬ್ರೌಮೋವ್‌ನಿಂದ ಅಲ್ಲಿಯ ಜರ್ಮನ್ ಸನ್ಯಾಸಿಗಳನ್ನು ಹೊರಹಾಕಿದರು, ಅವರು 1946ರಲ್ಲಿ ಇಲ್ಲಿ ನೆಲೆಸಿದರು. ಅವರು ಬಿಟ್ಟು ಬಂದದ್ದೂ ಒಂದು ದೊಡ್ಡ ಬರೋಕ್ ಮಠವೇ. ಇದು ಗೊತ್ತಿದ್ದರೆ ಪ್ರಾರ್ಥನೆಯಲ್ಲಿ ಅವರ ಹಾಡು ಕೇಳುವಾಗ ಮನಸ್ಸಿಗೆ ಬೇರೆಯೇ ರೀತಿ ತಟ್ಟುತ್ತದೆ. ಸನ್ಯಾಸಿಗಳು ವಾಸಿಸುವ ಭಾಗಕ್ಕೆ ಪ್ರವೇಶ ಇಲ್ಲ, ಒತ್ತಾಯ ಮಾಡಬೇಡಿ.

ಕಾರಿಲ್ಲ ಅಂದಿರಲ್ವಾ, ಅಬೆನ್ಸ್‌ಬರ್ಗ್‌ವರೆಗೆ ರೈಲು, ಅದು ರೇಗನ್ಸ್‌ಬರ್ಗ್ - ಇಂಗೋಲ್‌ಸ್ಟಾಟ್ ಮಾರ್ಗದಲ್ಲಿದೆ. ಮುಂದೆ ಬಸ್ಸು ಅಥವಾ ಟ್ಯಾಕ್ಸಿ. ಹಳ್ಳಿ ಕಡೆ ಬಸ್ಸು ಕಡಿಮೆ, ವಾಪಸ್ ಬರುವ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ! ಟ್ರೈಪಾಡ್ ರೂಮಿನಲ್ಲೇ ಇರುತ್ತದೆ. ಆಗಸ್ಟ್ 15ಕ್ಕೆ ಹೋದರೆ ಹೇಗೆ?

ಉತ್ತರ 1:
ಅವತ್ತೇ ಮೇರಿಯ ಸ್ವರ್ಗಾರೋಹಣದ ಹಬ್ಬ, ಆ ಕಡೆಯಲ್ಲಿ ರಜೆ ಕೂಡ. ಹಬ್ಬದ ಪೂಜೆ ನೋಡಬೇಕೆಂದರೆ ಅವತ್ತು ಹೋಗಿ, ಕ್ಯಾಮೆರಾಗೆ ಬೇರೆ ದಿನ ಇಟ್ಟುಕೊಳ್ಳಿ.