ರೆಕ್ಟರ್ ಬದಲಾದರು, ಸೊಸೈಟಿ ದಾಖಲೆಯಲ್ಲಿ ಹಳಬರೇ ಇದ್ದಾರೆ: ಸಹಿ ಯಾರದು?

ಕಡಲತಡಿ: ನಮ್ಮದು ಹಲವು ಧರ್ಮಪ್ರಾಂತ್ಯಗಳು (ಬಿಷಪರ ಆಡಳಿತ ವಲಯಗಳು) ಸೇರಿ ನಡೆಸುವ ಮೇಜರ್ ಸೆಮಿನರಿ, ಅಂದರೆ ಕ್ಯಾಥೊಲಿಕ್ ಗುರುಗಳಾಗುವವರಿಗೆ ತರಬೇತಿ ಕೊಡುವ ಸಂಸ್ಥೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸೊಸೈಟಿಯಾಗಿದೆ. ಬಿಷಪರು ಹೊಸ ರೆಕ್ಟರರನ್ನು (ಸೆಮಿನರಿಯ ಮುಖ್ಯಸ್ಥರನ್ನು) ನೇಮಿಸಿ ಪತ್ರ ಕೊಟ್ಟಿದ್ದಾರೆ, ಆದರೆ ಬ್ಯಾಂಕಿನವರು ಸೊಸೈಟಿಯ ಠರಾವು ಕೇಳುತ್ತಿದ್ದಾರೆ. ನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಾರ್ಯದರ್ಶಿಯೆಂದು ಹಿಂದಿನವರ ಹೆಸರೇ ಇದೆ. ಸಹಿ ಅಧಿಕಾರ ಯಾರಿಗೆ? ರಸ್ತೆಬದಿಯ ತುಂಡು ಜಾಗ ಮಾರುವ ಮಾತೂ ನಡೆದಿದೆ.

ಸಂಹಿತೆ: ಧರ್ಮಸಭೆಯ ಮಟ್ಟಿಗೆ ಉತ್ತರ ಸರಳ. ಧರ್ಮಸಭೆಯ ಕಾನೂನು ಗ್ರಂಥವಾದ 1983ರ ಸಂಹಿತೆಯ 238ನೇ ಕ್ಯಾನನ್ (ವಿಧಿ) ಪ್ರಕಾರ ವಿಧಿವತ್ತಾಗಿ ಸ್ಥಾಪನೆಯಾದ ಸೆಮಿನರಿಗೆ ತಾನಾಗಿಯೇ ಕಾನೂನುಬದ್ಧ ವ್ಯಕ್ತಿತ್ವವಿದೆ. ಅದರ ಪರವಾಗಿ ನಡೆದುಕೊಳ್ಳುವವರು ರೆಕ್ಟರ್, ಕೆಲವು ವಿಷಯಗಳನ್ನು ಮೇಲಿನವರು ಬೇರೆಯವರಿಗೆ ವಹಿಸಿದ್ದರೆ ಮಾತ್ರ ಅದಕ್ಕೆ ಹೊರತು. ನಿಮ್ಮದು ಅಂತರ್‌ಧರ್ಮಪ್ರಾಂತೀಯ ಆದ್ದರಿಂದ ಮೊದಲು ಸೆಮಿನರಿಯ ಶಾಸನಪತ್ರ (ಧರ್ಮಸಭೆಯೊಳಗಿನ ಅದರ ನಿಯಮಾವಳಿ) ತೆಗೆದು ನೋಡಿ. ಯಾವ ವಿಷಯ ರೆಕ್ಟರರದು, ಯಾವುದು ಬಿಷಪರ ಮಂಡಳಿಯದು ಎಂಬುದು ಅಲ್ಲಿರಬೇಕು. ಆದರೆ ಈ ಅಧಿಕಾರವನ್ನು ಬ್ಯಾಂಕು ಗುರುತಿಸುವುದಿಲ್ಲ, ಅದಕ್ಕೆ ಕಾಣುವುದು ಸೊಸೈಟಿ ಮಾತ್ರ.

ಲೆಕ್ಕಪತ್ರ: ಬೈಲಾದಲ್ಲಿ "ರೆಕ್ಟರ್ ಪದನಿಮಿತ್ತ ಕಾರ್ಯದರ್ಶಿ" ಎಂದಿದೆಯೇ? ಇದ್ದರೆ ನೇಮಕಪತ್ರವನ್ನು ಆಡಳಿತ ಮಂಡಳಿ ಸಭೆಯಲ್ಲಿ ದಾಖಲಿಸಿ, ಬ್ಯಾಂಕ್ ಸಹಿ ಬದಲಾವಣೆಗೆ ಠರಾವು ಮಾಡಿ, ಪದಾಧಿಕಾರಿಗಳ ಹೊಸ ಪಟ್ಟಿಯನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಿ. ಇಲ್ಲದೆ "ಮಹಾಸಭೆಯಲ್ಲಿ ಆಯ್ಕೆ" ಎಂದಿದ್ದರೆ ಕಷ್ಟ: ಬಿಷಪರ ಪತ್ರ ಆ ಕಚೇರಿಯಲ್ಲಿ ನಡೆಯುವುದಿಲ್ಲ, ಆಯ್ಕೆ ನಡೆಯಲೇಬೇಕು. ರೆಕ್ಟರೇ ಪದನಿಮಿತ್ತ ಕಾರ್ಯದರ್ಶಿಯಾಗುವಂತೆ ಬೈಲಾ ತಿದ್ದುಪಡಿಯನ್ನೂ ಆಗಲೇ ಮಾಡಿಸಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿದ್ದರೆ ಪದಾಧಿಕಾರಿ ಬದಲಾವಣೆಯನ್ನು 45 ದಿನದೊಳಗೆ ಎಫ್‌ಸಿ-6ಇ ನಮೂನೆಯಲ್ಲಿ ತಿಳಿಸಬೇಕು. ಇದು ತಪ್ಪುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ವರ್ಗವಾದ ಫಾದರ್ ಡಿಜಿಟಲ್ ಸಹಿಯ ಟೋಕನ್ ಜೊತೆಗೇ ಒಯ್ದಿರುತ್ತಾರೆ, ಒಟಿಪಿ ಅವರ ಮೊಬೈಲಿಗೇ ಹೋಗುತ್ತಿರುತ್ತದೆ. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಪೋರ್ಟಲ್ ಲಾಗಿನ್‌ಗಳನ್ನೂ ಬರೆದುಕೊಳ್ಳಿ.

ಕಡಲತಡಿ: ಬೈಲಾದಲ್ಲಿ ಆಯ್ಕೆ ಎಂದೇ ಇದೆ. ಜಾಗ ಸೊಸೈಟಿ ಹೆಸರಿನಲ್ಲಿರುವುದರಿಂದ ಮಾರಾಟಕ್ಕೆ ಸೊಸೈಟಿ ಠರಾವು ಸಾಲದೇ?

ಸಂಹಿತೆ: ಸಾಲದು. ಸಂಸ್ಥೆಯ ಕಾಯಂ ಸ್ವತ್ತಾಗಿ ಇಟ್ಟುಕೊಂಡದ್ದನ್ನು, ಬೆಲೆ ಬಿಷಪರ ಸಮ್ಮೇಳನ ಗೊತ್ತುಮಾಡಿದ ಕನಿಷ್ಠ ಮಿತಿ ದಾಟಿದರೆ, ಧರ್ಮಸಭೆಯ ಮೇಲಧಿಕಾರಿಗಳ ಅನುಮತಿಯಿಲ್ಲದೆ ಮಾರುವಂತಿಲ್ಲ. ಗರಿಷ್ಠ ಮಿತಿ ದಾಟಿದರೆ ವ್ಯಾಟಿಕನ್ ಅನುಮತಿಯೂ ಬೇಕು. ನ್ಯಾಯವಾದ ಕಾರಣ ಮತ್ತು ತಜ್ಞರ ಲಿಖಿತ ಮೌಲ್ಯಮಾಪನ ಕಡತದಲ್ಲಿರಲಿ (ಕ್ಯಾನನ್ 1291ರಿಂದ 1293). ಇವಿಲ್ಲದೆ ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿಬಿಡಬಹುದು. ಆಗ ಸರ್ಕಾರಿ ಕಾನೂನಿನಲ್ಲಿ ಸಿಂಧು, ಧರ್ಮಸಭೆಯಲ್ಲಿ ಅಸಿಂಧು ಎಂಬ ಸ್ಥಿತಿ. ಅದಕ್ಕೆಂದೇ 1296ನೇ ಕ್ಯಾನನ್ ಇದೆ. ಜಾಗ ಮರಳಿ ಸಿಗುವುದು ಬಹಳ ಕಷ್ಟ. ಅನುಮತಿಯಿಲ್ಲದೆ ಮಾರಾಟವಿಲ್ಲವೆಂದು ಬೈಲಾದಲ್ಲೇ ಸೇರಿಸುವುದು ಒಳ್ಳೆಯದು.

ಮಠದಂಗಳ: ಬೈಲಾ ತಿದ್ದುವಾಗ ಇನ್ನೊಂದು ನೋಡಿ. ಸಿಬ್ಬಂದಿಯೆಲ್ಲರೂ ಆಡಳಿತ ಮಂಡಳಿ ಸದಸ್ಯರು ಎಂದು ಬರೆದಿರುತ್ತಾರೆ. ಆ ಸಭೆಯಲ್ಲೇ ಯಾವುದಾದರೂ ಬ್ರದರ್‌ನನ್ನು (ತರಬೇತಿಯಲ್ಲಿರುವ ವಿದ್ಯಾರ್ಥಿಯನ್ನು) ಸೆಮಿನರಿಯಿಂದ ಕಳಿಸುವ ವಿಷಯ ಬಂದರೆ ಆಧ್ಯಾತ್ಮಿಕ ನಿರ್ದೇಶಕರೂ ಕೈ ಎತ್ತಬೇಕಾಗುತ್ತದೆ. 240ನೇ ಕ್ಯಾನನ್ ಪ್ರಕಾರ ಗುರುದೀಕ್ಷೆಗೆ ಸೇರಿಸುವ ಅಥವಾ ಹೊರಗೆ ಕಳಿಸುವ ವಿಷಯದಲ್ಲಿ ಅವರ ಅಭಿಪ್ರಾಯವನ್ನಾಗಲಿ, ಪಾಪನಿವೇದನೆ ಕೇಳುವ ಗುರುಗಳ ಅಭಿಪ್ರಾಯವನ್ನಾಗಲಿ ಕೇಳಲೇಬಾರದು. ಸೊಸೈಟಿ ಸಭೆಯಲ್ಲಿ ಹಣ, ಆಸ್ತಿ, ನೌಕರರ ವಿಷಯ ಮಾತ್ರ ಬರಲಿ. ತರಬೇತಿಯ ಸಭೆ ಬೇರೆ, ಅದರ ನಡವಳಿ ಪುಸ್ತಕವೂ ಬೇರೆ ಇರಲಿ.